ಕಾಲೋನಿಯ ಹಾಲು

“ಥೂ ನಿನ್ನ! ಬಾಗಿಲು ತೆಗೆಯೋ ಹೊತ್ಗೇ ಪಿಚ್ಚರ್ ಹಾಕವ್ಳೆ ನೋಡ್ರಪ್ಪ ಇವ್ಳು!”

ಮುರಳಿಮೋಹನ್ ಹೀಗೆ ಕೂಗಿದ್ದೇ ತಡ, ಹಾಲು ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ಕಿಟಕಿಯೊಳಕ್ಕೆ ಕತ್ತು ಹಾಕಿದರು. ಕಂಪ್ಯೂಟರಿನ ಪರದೆಯ ಅರ್ಧ ಭಾಗಕ್ಕೆ ಯಾರೋ ಸಿನಿಮಾ ನಟಿಯ ಫೋಟೋ ಬಂದು ಕೂತಿತ್ತು. ಮೈಮೇಲೆ ಬಟ್ಟೆ ಅಷ್ಟಕ್ಕಷ್ಟೆ. ಅವಳ ಕೆಳಗೆ ಕ್ರಿಕೆಟ್ಟು, ಚಿನ್ನದ ರೇಟು, ಮಳೆ ಬರುತ್ತೋ ಇಲ್ಲವೋ ಎಂಬ ಸುದ್ದಿ. ಇವರಲ್ಲಿ ಯಾರನ್ನೂ ನಾನು ಕರೆದಿರಲಿಲ್ಲ. ನನ್ನ ಕೈ ಎಂದಿನಂತೆ ಪರದೆಯ ಕೆಳಗಿನ ಎಡಮೂಲೆಗೆ ಹೋಗಿತ್ತು. ಹಳೇ ಕಂಪ್ಯೂಟರಿನಲ್ಲಿ ಶುರು ಮಾಡುವ ಗುಂಡಿ ಇದ್ದದ್ದು ಅಲ್ಲಿ. ಹೊಸದರಲ್ಲಿ ಅದನ್ನು ನಡುಮಧ್ಯಕ್ಕೆ ಒಯ್ದು, ಎಡಮೂಲೆಯಲ್ಲಿ ಈ ಸಂತೆಯನ್ನು ಕೂರಿಸಿದ್ದಾರೆ. ಮೌಸಿನ ಬಾಣ ಸೋಕಿದರೆ ಸಾಕು, ಬಿಚ್ಚಿಕೊಳ್ಳುತ್ತದೆ.

“ಮುಚ್ಚೇ ಅದನ್ನ!”

ಮುಚ್ಚುವುದು ಹೇಗೆಂದು ಗೊತ್ತಾಗಲಿಲ್ಲ. ಬೇರೆಯವಕ್ಕೆ ಬಲಗಡೆ ಮೇಲೆ ಒಂದು ಕತ್ತರಿ ಗುರುತಿರುತ್ತದೆ, ಇದಕ್ಕೆ ಅದೂ ಇರಲಿಲ್ಲ. ಮೊದಲನೆಯವರಾಗಿ ನಿಂತಿದ್ದ ಚನ್ನಕೇಶವಪ್ಪನವರು, ನಮ್ಮ ಡೇರಿಯ ಅಧ್ಯಕ್ಷರು, ಊರಿಗೆಲ್ಲ ಯಜಮಾನರು, ನಿಧಾನವಾಗಿ ಅಂದರು: “ಬಿಡೋ ಮುರಳಿ, ಅವ್ಳಿಗೂ ಆಸೆ ಇರಲ್ವಾ. ನಾಳೆಯಿಂದ ಅಂಗೇ ಬಟ್ಟೆ ಹಾಕ್ಕಂಡ್ ಬರಾಣ ಅಂತ ನೋಡ್ತವ್ಳೆ.”

ಜಗಲಿಯೆಲ್ಲ ನಕ್ಕಿತು. ಮೆಟ್ಟಿಲ ಕೆಳಗೆ ನಿಂತಿದ್ದ ನನ್ನ ಅಮ್ಮ ಆಂಜಿನಮ್ಮನಿಗೆ ಅಲ್ಲಿಂದ ಪರದೆ ಕಾಣುತ್ತಿರಲಿಲ್ಲ. ದೊಡ್ಡವರು ನಗುತ್ತಿದ್ದಾರಲ್ಲ, ಏನೋ ಒಳ್ಳೇದೇ ಇರಬೇಕು ಎಂದು ಅವಳೂ ನಕ್ಕಳು. ನನ್ನ ಕಡೆ ನೋಡಿಕೊಂಡೇ ನಕ್ಕಳು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ನಮ್ಮದು ಅಂಬಾಜಿದುರ್ಗದ ಬೆಟ್ಟ ಕಾಣುವ ಊರು. ಊರಿನ ಹಾಲಿನ ಡೇರಿಯಲ್ಲಿ ನಾನು ಕಂಪ್ಯೂಟರ್ ಒತ್ತುವವಳು. ಕಾರ್ಯದರ್ಶಿ ಮುರಳಿಮೋಹನ್ ಹಾಲು ತೂಗಿ, ಫ್ಯಾಟ್ ನೋಡಿ, ಕ್ಯಾನಿಗೆ ಹೊಯ್ಯುತ್ತಾನೆ. ಎದುರಿಗೆ ಅವನನ್ನು ಅಣ್ಣ ಅನ್ನುತ್ತೇನೆ, ಇಲ್ಲಿ ಅವನು ಅಂತಲೇ ಬರೆಯುತ್ತೇನೆ. ಅವನು ಕೂಗಿದ ಲೀಟರು, ಫ್ಯಾಟು ಒತ್ತಿ ನಾನು ಚೀಟಿ ತೆಗೆದುಕೊಡಬೇಕು. ಹಾಲನ್ನು ನಾನು ಮುಟ್ಟುವ ಹಾಗಿಲ್ಲ. ಮುಟ್ಟಬೇಡ ಎಂದು ಯಾರೂ ಹೇಳಿದ್ದಿಲ್ಲ. ನಮ್ಮ ಕಡೆ ಇಂಥ ಮಾತಿಗೆ ಬಾಯಿ ಬೇಕಾಗಿಲ್ಲ.

ಊರಿನವರದು ಜಗಲಿಯ ಮೇಲೆ ಸಾಲು. ಕಾಲೋನಿಯವರು ಮೆಟ್ಟಿಲ ಕೆಳಗೆ. ಊರಿನವರ ಹಾಲೆಲ್ಲ ಮುಗಿದ ಮೇಲೆ ನಮ್ಮವರು ಹತ್ತಿ ಬರಬೇಕು. ನಮ್ಮವರ ಹಾಲು ಮೂಲೆಯಲ್ಲಿರುವ ಒಂದು ಕ್ಯಾನಿಗೆ ಬೀಳುತ್ತದೆ, ಆ ಕ್ಯಾನಿಗೆ ಬೇರೆಯವರ ಹಾಲು ಬೀಳುವುದಿಲ್ಲ. ವ್ಯಾನು ಹತ್ತಿ ಪೇಟೆಗೆ ಹೋದ ಮೇಲೆ ಎಲ್ಲವೂ ಒಂದೇ ಟ್ಯಾಂಕಿಗೆ ಸೇರಿ, ಪ್ಯಾಕೆಟ್ಟಾಗಿ, ಬೆಂಗಳೂರಿನ ಯಾವ ಯಾವ ಮನೆಯ ಕಾಫಿಗೋ ಬೀಳುತ್ತದೆ. ಕುಡಿದವರು ಯಾರೂ ಸತ್ತ ಸುದ್ದಿ ಇಲ್ಲಿಯತನಕ ಬಂದಿಲ್ಲ.

ಹಳೇ ಕಂಪ್ಯೂಟರ್ ಇದ್ದಾಗ ಕೊನೆಗೆ ನಿಂತರೂ ನಷ್ಟವಿರಲಿಲ್ಲ. ವ್ಯಾನಿನ ಹಾರನ್ ಕೇಳುವುದರೊಳಗೆ ಅಮ್ಮನ ಚೀಟಿಯೂ ಮುಗಿದಿರುತ್ತಿತ್ತು. ಇಂಗ್ಲಿಷನ್ನು ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ಆದರೆ ಕೈಗೆ ಅಕ್ಷರ ಬೇಕಿರಲಿಲ್ಲ. ಎಡಮೂಲೆ, ಅದರ ಮೇಲೆ ಹಸಿರು ಚಿತ್ರ, ಆಮೇಲೆ ಎಂಟರ್. ಕರೆಂಟು ಹೋದಾಗ ಮನೆಯೊಳಗೆ ನೀರಿನ ಚೊಂಬು ಕೈಗೆ ಸಿಗುವುದಿಲ್ಲವೇ, ಹಾಗೆ ಸಿಗುತ್ತಿತ್ತು. “ನಮ್ಮುಡ್ಗಿ ಕೈ ನೋಡ್ರೋ, ರಾಗಿ ಬೀಸ್ದಂಗೆ ಓಡ್ತೈತೆ” ಎಂದು ಆವಲಪ್ಪ ಮಾವ ಕಾಲೋನಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಹಳೆಯದಕ್ಕೆ ಇನ್ನು ಕಂಪನಿಯವರು ಏನೂ ಮಾಡಿಕೊಡುವುದಿಲ್ಲವಂತೆ ಎಂದು ಹೊಸದು ತರಿಸಿದರು. ಜೋಡಿಸುವುದಕ್ಕೆ ಚಿಂತಾಮಣಿಯಿಂದ ಒಬ್ಬ ಎಂಜಿನಿಯರ್ ಬಂದ. “ಯಾರು ಆಪರೇಟ್ ಮಾಡೋದು? ಬನ್ನಿ, ತೋರಿಸ್ಕೊಡ್ತೀನಿ” ಅಂದ. ನಾನು ಎದ್ದು ನಿಂತೆ. ಅಷ್ಟರಲ್ಲಿ ಮುರಳಿಮೋಹನ್ ಕುರ್ಚಿ ಎಳೆದುಕೊಂಡು ಕೂತಾಗಿತ್ತು.

“ನಂಗೇ ತೋರಿಸಿ ಸಾರ್, ನಾನು ಇವ್ಳಿಗೆ ಹೇಳ್ತೀನಿ. ಏಯ್ ರೂಪಾ, ಹಿಂಡಿ ಮೂಟೆ ಬಂದವೆ. ಇಳಿಸೋದು ನೋಡ್ಕೋ ಹೋಗು.”

ಹಿಂಡಿ ಮೂಟೆ ಇಳಿಯುವುದನ್ನು ನಾನು ನೋಡದಿದ್ದರೂ ಅವು ಇಳಿಯುತ್ತಿದ್ದವು. ಕಿಟಕಿಯಿಂದ ನನಗೆ ಕಂಡದ್ದು ಅವರಿಬ್ಬರ ಬೆನ್ನು. ಒಳಗೆ ಬರುವಷ್ಟರಲ್ಲಿ ಎಂಜಿನಿಯರ್ ಕಾಫಿ ಕುಡಿದು ಹೊರಟಿದ್ದ.

“ಏನಣ್ಣ ಹೇಳಿದ್ರು?”

“ಏನಿಲ್ಲ ಕಣೇ. ಎಲ್ಲಾ ಅದೇ. ಜಾಗ ಒಂಚೂರು ಆಕಡೆ ಈಕಡೆ ಆಗೈತೆ, ಅಷ್ಟೆ.”

ಆ ಒಂಚೂರಿನಲ್ಲೇ ನಾನು ಮುಳುಗಿದೆ. ನಡುವೆ ಸಾಲಾಗಿ ನಿಂತ ಚಿತ್ರಗಳು ನಿಂತಲ್ಲಿ ನಿಲ್ಲುವುದಿಲ್ಲ. ಒಂದನ್ನು ತೆರೆದರೆ ಉಳಿದವು ಪಕ್ಕಕ್ಕೆ ಸರಿದು ಜಾಗ ಬಿಡುತ್ತವೆ, ಈಗ ಇದ್ದದ್ದು ಇನ್ನೊಂದು ಗಳಿಗೆಗೆ ಬೇರೆ ಕಡೆ. ಬಲಗುಂಡಿ ಒತ್ತಿದರೆ ಮೊದಲು ಬರುತ್ತಿದ್ದ ಮಾತುಗಳು ಹೋಗಿ ಅರ್ಥವಾಗದ ಸಣ್ಣ ಸಣ್ಣ ಚಿತ್ರ. ಚೀಟಿ ತೆಗೆಯಲು ಹೋದರೆ ಪ್ರತಿಯೊಬ್ಬರಿಗೂ ಒಂದು ದೊಡ್ಡ ಪೆಟ್ಟಿಗೆ ಎದ್ದು, ಯಾವ ಪ್ರಿಂಟರು ಎಂದು ಕೇಳುತ್ತದೆ. ಊರಿಗೆಲ್ಲ ಇರುವುದು ಒಂದೇ ಪ್ರಿಂಟರು. ಆದರೂ ಕೇಳುತ್ತದೆ. ನಾನು ಅಕ್ಷರ ಕೂಡಿಸಿ ಓದಿ ಉತ್ತರ ಕೊಡುವಷ್ಟರಲ್ಲಿ ಜಗಲಿಯ ಮೇಲೆ ಗೊಣಗಾಟ ಶುರುವಾಗಿರುತ್ತದೆ.

ನಟಿಯ ಫೋಟೋ ಬಂದ ದಿನವೇ ಊರಿನವರ ಹಾಲು ಮುಗಿಯುವುದಕ್ಕೂ ವ್ಯಾನು ಬರುವುದಕ್ಕೂ ಸರಿಹೋಯಿತು. ಡ್ರೈವರ್ ಕ್ಯಾನುಗಳನ್ನು ಎತ್ತಿ ಹಾಕಿಕೊಂಡ. ಮೂಲೆಯ ಕ್ಯಾನು ಖಾಲಿ ಇತ್ತು.

“ಒಂದ್ ಗಳಿಗೆ ನಿಲ್ಸಣ್ಣ, ಕಾಲೋನಿಯೋರ್ದು ಐತೆ” ಅಂದೆ.

“ನಂಗೇನ್ ಹೇಳ್ತೀಯ, ನಿನ್ ಕೈಗೆ ಹೇಳು” ಎಂದು ಮುರಳಿಮೋಹನ್ ವ್ಯಾನಿನ ಬಾಗಿಲು ಬಡಿದು ಕಳಿಸಿಬಿಟ್ಟ. ಆಮೇಲೆ ಮೆಟ್ಟಿಲ ಕಡೆ ತಿರುಗಿದ: “ಹೋಗ್ರಪ್ಪ ಹೋಗ್ರಿ. ನಿಮ್ಮುಡ್ಗೀನೇ ಕೂರಿಸಿದೀವಿ, ನಿಮ್ ಹಾಲು ನಿಮ್ಮುಡ್ಗಿ ಕೈಲೇ ಆಗ್ಲಿಲ್ಲ. ನಮ್ಮನ್ನ ಬೈಕಬೇಡ್ರಿ.”

ನಮ್ಮವರು ತುಂಬಿದ ಕ್ಯಾನುಗಳನ್ನು ಹಿಡಿದು ಊರ ನಡುವಿನ ಬೀದಿಯಲ್ಲೇ ವಾಪಸ್ ಹೊರಟರು. ಬಾಗಿಲಿಗೆ ನೀರು ಹಾಕುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. “ಏಮ್ರಾ ಆವಲಪ್ಪ, ಹಾಲು ಒಡೆದುಹೋಯ್ತಾ?” ಎಂದು ಯಾರೋ ಕೇಳಿದರು. ಆವಲಪ್ಪ ಮಾವ “ಊಂ, ಒಡೆದೋಯ್ತು ತಾಯಿ” ಅಂದ. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ನಾನು ಡೇರಿ ಬಾಗಿಲು ಹಾಕಿ, ಕೆರೆ ಏರಿ ಸುತ್ತಿಕೊಂಡು ಮನೆಗೆ ಹೋದೆ.

ಮರುದಿನವೂ ಹಾಗೇ ಆಯಿತು. ಅದರ ಮರುದಿನ ಆವಲಪ್ಪ ಮಾವ ತಡೆಯಲಾರದೆ ಕೆಳಗಿನಿಂದಲೇ ಕೂಗಿದ: “ಬಿರಬಿರನೆ ಒತ್ತು ನನ್ನ ತಾಯಿ, ಹಸಿ ಹಾಲು ಕಣಮ್ಮ, ಕಾಯ್ತಾ ಕೂರಲ್ಲ.”

“ಮುಚ್ಕಂಡು ನಿಂತ್ಕೊಳ್ಳೋ ಮುದುಕ! ನಿಮ್ಮಂಥೋರಿಂದಾನೇ ನಂಗೆ ಮಾತು!”

ಅದು ನನ್ನ ಬಾಯಿಂದಲೇ ಬಂತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ ಮನುಷ್ಯ. ಜಗಲಿಯ ಮೇಲಿದ್ದ ಚನ್ನಕೇಶವಪ್ಪನವರು “ಭಲೇ” ಅಂದರು. ಆವಲಪ್ಪ ಮಾವ ತಲೆ ತಗ್ಗಿಸಿ ಟವಲ್ಲಿನಿಂದ ಕ್ಯಾನಿನ ಬಾಯಿ ಒರೆಸತೊಡಗಿದ. ಒರೆಸಲು ಅಲ್ಲಿ ಏನೂ ಇರಲಿಲ್ಲ.

ಮನೆಯಲ್ಲಿ ಎರಡು ಗಡಿಗೆ ಮೊಸರಾಗಿತ್ತು. ಕಾಲೋನಿಯ ಮೊಸರನ್ನು ಊರೊಳಗೆ ಯಾರು ಕೊಳ್ಳುತ್ತಾರೆ? ಕಾಲೋನಿಯಲ್ಲಿ ಎಲ್ಲರ ಮನೆಯಲ್ಲೂ ಅದೇ ಮೊಸರು. ಮಿಕ್ಕ ಹಾಲನ್ನು ಅಮ್ಮ ಕರುವಿನ ಮುಂದಿಟ್ಟಿದ್ದಳು, ಅದೂ ಕುಡಿದು ಸಾಕಾಗಿ ಮೂತಿ ತಿರುಗಿಸಿತ್ತು.

“ನಾಳೆಯಿಂದ ನಾನು ಹೋಗಲ್ಲಮ್ಮ” ಅಂದೆ.

ಅಮ್ಮ ಮಜ್ಜಿಗೆ ಕಡೆಯುತ್ತಲೇ ಕೇಳಿದಳು: “ನೀನು ಎಲ್ಲಾರ್ದೂ ನಿಧಾನವಾಗೇ ಒತ್ತೀಯ, ಇಲ್ಲಾ ನಮ್ದು ಮಾತ್ರನಾ?”

“ಎಲ್ಲಾರ್ದೂ.”

“ಮತ್ತೆ ಯಜಮಾನ್ರ ಹಾಲು ಒಂದಿನಾನೂ ಉಳೀಲಿಲ್ಲ?”

ಅವಳು ಕುಹಕಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದಳು.

ಸಾಯಂಕಾಲ ಡೇರಿಗೆ ಹೋಗಿ ಮುರಳಿಮೋಹನ್ ಮುಂದೆ ಕೈಕಟ್ಟಿ ನಿಂತೆ. “ಅಣ್ಣ, ಎಂಜಿನಿಯರ್‌ನ ಇನ್ನೊಂದ್ ಸಲ ಕರೆಸಿ. ನಂಗೇ ಹೇಳ್ಕೊಡ್ಲಿ. ಕಲ್ತ್ಕೋತೀನಿ.”

ಅವನು ಫೋನಿನಿಂದ ಕಣ್ಣೆತ್ತಲಿಲ್ಲ. “ನಿಂಗೊಬ್ಳಿಗೆ ಎಷ್ಟ್ ಸಲ ಕರೆಸಾಣ? ನೋಡು, ನಾಳೆ ಒಂದಿನ ನೋಡ್ತೀನಿ. ನಾಳೇನೂ ಉಳೀತು ಅಂದ್ರೆ ಕಾಲೋನಿಯೋರು ಹಾಲು ತರೋದೇ ಬೇಡ. ದಿನಾ ಬಂದು ನಿಂತ್ಕಂಡು, ವಾಪಸ್ ಹೋಗಿ, ಊರಿಗೇ ಕೆಟ್ಟೆಸ್ರು. ಡೇರಿ ಬೋರ್ಡ್‌ನೋರ್ದೂ ಅದೇ ಮಾತು.”

“ಅಂಗಂದ್ರೆ ಎಂಗಣ್ಣ? ಹಸ ಮಾರ್ಕೊಬೇಕಾ?”

“ನನ್ನೇನ್ ಕೇಳ್ತೀಯ? ಕಂಪ್ಯೂಟ್ರು ಮುಂದೆ ಕೂತಿರೋಳು ನೀನು.” ಫೋನನ್ನು ಜೇಬಿಗೆ ಹಾಕಿಕೊಂಡು ಸೇರಿಸಿದ: “ನಮ್ಮ ತಮ್ಮನೆಂಡ್ತಿ ಶಿರೀಷಾ ಬಿ.ಕಾಂ. ಮಾಡವ್ಳೆ. ಮನೇಲೇ ಕೂತವ್ಳೆ. ನಾನು ಇನ್ನೂ ಬಾಯಿ ಬಿಟ್ಟಿಲ್ಲ.”

ನಾನು “ಆಯ್ತಣ್ಣ” ಅಂದು ಬಂದೆ. ಆಯ್ತಣ್ಣ ಎನ್ನುವ ಮಾತು ನನ್ನ ನಾಲಿಗೆಗೆ ಅಷ್ಟು ಚೆನ್ನಾಗಿ ಕೂತಿದೆ. ಅದಕ್ಕೆ ಎಂದೂ ತಡವಾಗುವುದಿಲ್ಲ.

ಬೆಳಿಗ್ಗೆ ಮಂಜಿತ್ತು. ಜಗಲಿಯ ಮೇಲೆ ಊರಿನವರ ಸಾಲು ಆಗಲೇ ಗೋಡೆಯ ತನಕ ಬೆಳೆದಿತ್ತು. ಮೆಟ್ಟಿಲ ಕೆಳಗೆ ನಮ್ಮವರು ಬಂದಿದ್ದರು, ಆದರೆ ಮುಂಚಿನಂತೆ ಮೆಟ್ಟಿಲ ಹತ್ತಿರ ಬರದೆ ದೂರದಲ್ಲೇ ನಿಂತಿದ್ದರು. ಆವಲಪ್ಪ ಮಾವ ನನ್ನ ಕಡೆ ನೋಡಲಿಲ್ಲ. ನಾನು ಕಂಪ್ಯೂಟರ್ ಹಾಕಿದೆ. ಅದು ದುಂಡಗೆ ಸುತ್ತಿ ಸುತ್ತಿ ಎದ್ದಿತು. ನಡುಮಧ್ಯದ ಚಿತ್ರಗಳಲ್ಲಿ ನನಗೆ ಬೇಕಾದದ್ದನ್ನು ಹುಡುಕಿ ತೆರೆದೆ.

ಚನ್ನಕೇಶವಪ್ಪನವರು ತಮ್ಮ ಕ್ಯಾನು ಎತ್ತಿ ತಕ್ಕಡಿಯ ಪಾತ್ರೆಗೆ ಹೊಯ್ಯಲು ಬಗ್ಗಿದರು. “ನಂಬರ್ ಒತ್ತೇ” ಅಂದ ಮುರಳಿಮೋಹನ್.

ನಾನು ಕೀಬೋರ್ಡಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. “ಇರಿ ಯಜಮಾನ್ರೇ. ಇವತ್ತು ಮೊದ್ಲು ಕೆಳಗಿರೋರ್ದು.”

ನಾನು ಕಿಟಕಿಯಿಂದ ಕೂಗಿದೆ: “ಮಾವ, ಹತ್ತಿ ಬಾ.”

ಆವಲಪ್ಪ ಮಾವ ಎರಡೂ ಕೈ ಅಡ್ಡ ಆಡಿಸಿದ. “ಬ್ಯಾಡಮ್ಮ. ಬ್ಯಾಡ. ಸುಮ್ನಿರು ತಾಯಿ.”

“ಏನೇ, ತಲೆ ಕೆಟ್ಟೈತಾ?” ಮುರಳಿಮೋಹನ್ ನನ್ನ ಕುರ್ಚಿಯ ಹಿಂದೆ ಬಂದು ನಿಂತ. “ಒತ್ತು ಅಂದ್ನಲ್ಲ! ಒತ್ತೇ ಮುಂಡೆ!”

ಅಷ್ಟರಲ್ಲಿ ಅಮ್ಮ ಮೆಟ್ಟಿಲು ಹತ್ತಿದಳು. ಕ್ಯಾನನ್ನು ಎದೆಗವಚಿಕೊಂಡು, ಯಾರಿಗೂ ಮೈ ತಾಕದ ಹಾಗೆ ಗೋಡೆ ಪಕ್ಕದಿಂದ ಬಂದಳು. ಜಗಲಿಯವರು ತಾವೇ ಸರಿದು ಜಾಗ ಬಿಟ್ಟರು, ಮರ್ಯಾದೆಗಲ್ಲ. ಅವಳು ತಕ್ಕಡಿಯ ಪಾತ್ರೆಗೆ ಹಾಲು ಸುರಿದಳು. ನಾಲ್ಕು ಹನಿ ನೆಲಕ್ಕೂ ಬಿತ್ತು. ತೂಕದ ಕೆಂಪು ಅಂಕಿ ತಾನಾಗಿ ಹೊತ್ತಿಕೊಂಡಿತು. ಅದನ್ನು ಕೂಗಬೇಕಾದವನು ಬಾಯಿ ಹೊಲಿದುಕೊಂಡು ನಿಂತಿದ್ದ. ನಾನೇ ಓದಿಕೊಂಡೆ. ಎದ್ದು ಹೋಗಿ ಸ್ವಲ್ಪ ಹಾಲು ತೆಗೆದು ಫ್ಯಾಟ್ ನೋಡುವ ಮಿಷನ್ನಿಗೆ ಇಟ್ಟು ಅದನ್ನೂ ಓದಿಕೊಂಡೆ.

ಪಾತ್ರೆ ಖಾಲಿ ಮಾಡಬೇಕಿತ್ತು. ನಮ್ಮ ಕ್ಯಾನು ಆ ಮೂಲೆಯಲ್ಲಿ, ಮುಚ್ಚಳ ಹಾಕಿಕೊಂಡು ಕೂತಿತ್ತು. ಊರಿನವರ ಮೊದಲ ಕ್ಯಾನು ನನ್ನ ಮೊಣಕಾಲ ಹತ್ತಿರ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಹಾಲಿಗೆ ಕಾಯುತ್ತಿತ್ತು. ನಾನು ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿದೆ. ಊರಿನವರ ಕ್ಯಾನಿಗೆ ಹೊಯ್ದೆ. ಕೊನೆಯ ಹನಿ ಇಳಿಯುವ ತನಕ ಬಗ್ಗಿಸಿ ಹಿಡಿದೆ.

“ಲೇ ಲೌಡಿ!” ಮುರಳಿಮೋಹನ್ ಕೈ ಎತ್ತಿಕೊಂಡು ಬಂದ. ಹೊಡೆಯಬೇಕಾದರೆ ಮುಟ್ಟಬೇಕು. ಹಾಲಿನ ಕ್ಯಾನುಗಳ ನಡುವೆ, ಅಷ್ಟು ಜನರ ಮುಂದೆ, ಅವನ ಕೈ ಗಾಳಿಯಲ್ಲೇ ನಿಂತಿತು.

ನಾನು ಬಂದು ಕುರ್ಚಿಯಲ್ಲಿ ಕೂತೆ. ಅಮ್ಮನ ನಂಬರು ಒತ್ತಿದೆ. ಚೀಟಿಯ ಪೆಟ್ಟಿಗೆ ಎದ್ದು ಯಾವ ಪ್ರಿಂಟರು ಎಂದು ಕೇಳಿತು. ನಾನು ಅಕ್ಷರ ಕೂಡಿಸಿಕೊಂಡು ಓದಿದೆ. ತಪ್ಪಾಯಿತು, ಪೆಟ್ಟಿಗೆ ಮುಚ್ಚಿ ಮತ್ತೆ ತೆಗೆದೆ. ದೂರದಲ್ಲಿ ಹಾರನ್ ಕೇಳಿಸಿತು.

“ವ್ಯಾನು ಬಂತು! ಬೇಗ ಒತ್ತೇ!”

“ಬರ್ಲಿ ಅಣ್ಣ. ಕಲೀತಿದೀನಿ.”

ಚೀಟಿ ಬಂತು. ಅಮ್ಮ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಅಲ್ಲೇ ನಿಂತಳು. ಕೆಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಆವಲಪ್ಪ ಮಾವನ ಒಂದು ಕಾಲು ಮಾತ್ರ ಬಂದಿತ್ತು, ಇನ್ನೊಂದು ಕೆಳಗೇ ಇತ್ತು.

ಚನ್ನಕೇಶವಪ್ಪನವರು ಕ್ಯಾನನ್ನು ಅರ್ಧಕ್ಕೆ ಎತ್ತಿ ಹಿಡಿದವರು ಇಳಿಸಿರಲಿಲ್ಲ. ನಮ್ಮ ಹಾಲು ಬಿದ್ದ ಕ್ಯಾನಿನೊಳಗೆ ಇಣುಕಿ ನೋಡುತ್ತಿದ್ದರು. ಅವರ ಹಿಂದಿನ ಸಾಲು ಅವರನ್ನೇ ನೋಡುತ್ತಿತ್ತು. ತುಂಬಿದ ಕ್ಯಾನಿನ ಭಾರಕ್ಕೆ ಅವರ ಮುಂಗೈಯ ನರ ಉಬ್ಬಿರುವುದು ನನಗೆ ಕುರ್ಚಿಯಿಂದಲೇ ಕಾಣುತ್ತಿತ್ತು.

“ಯಜಮಾನ್ರೇ,” ಅಂದೆ, “ಹೊಯ್ತೀರಾ, ವಾಪಸ್ ತಗಂಡ್ ಹೋಗ್ತೀರಾ?”

ವ್ಯಾನಿನವನು ಬಾಗಿಲ ಮುಂದೆ ತಂದು ನಿಲ್ಲಿಸಿ ಇನ್ನೊಂದು ಸಲ ಹಾರನ್ ಒತ್ತಿದ.