ಬೀಸುಕಲ್ಲಿಗೆ ಹೇಳಿದ ಮಾತು

ತುಕ್ಕಾನಟ್ಟಿಯ ಅಲ್ಲಪ್ಪನಿಗೆ ಯಾರನ್ನಾದರೂ ನಂಬುವುದೆಂದರೆ ಹುಟ್ಟಿನಿಂದಲೇ ಆಗಿಬರದ ಸಂಗತಿ. ಹಾಲು ಕೊಂಡರೆ ಬೆರಳಿಗೆ ಹಚ್ಚಿ ನೋಡುವನು, ಗುಡಿಯ ಪ್ರಸಾದವನ್ನೂ ಒಮ್ಮೆ ಮೂಸಿಯೇ ಬಾಯಿಗೆ ಹಾಕಿಕೊಳ್ಳುವನು. ಇಂಥವನ ಊರಿಗೆ ಒಂದು ಮುಂಜಾನೆ ವಿಶ್ವವಿದ್ಯಾಲಯದ ಜೀಪು ಬಂದು ಶಾಲೆಯ ಮುಂದೆ ನಿಂತಿತು. ಎಲ್ಲ ವಿಭಾಗದವರೂ ಸೇರಿ ಒಂದೇ ಊರನ್ನು ಅಭ್ಯಾಸ ಮಾಡುವರೆಂದೂ, ಆ ಭಾಗ್ಯ ನಮ್ಮ ಊರಿಗೆ ಒದಗಿದೆಯೆಂದೂ ಪಂಚಾಯಿತಿಯವರು ಸಾರಿದರು. ಮಣ್ಣು ನೋಡುವವರು, ಕಪ್ಪೆ ನೋಡುವವರು, ಹಳೆಯ ಗುಡಿಯ ಕಲ್ಲು ಓದುವವರು, ಮುದುಕರ ಹಲ್ಲು ಪರೀಕ್ಷಿಸುವವರು, ಹೆಂಗಸರ ಹಾಡು ಕೇಳುವವರು, ಹೀಗೆ ಒಬ್ಬರ ಹಿಂದೆ ಒಬ್ಬರು ಬರುವವರಿದ್ದರು.

"ಗಟಾರ ಸ್ವಚ್ಛ ಮಾಡ್ರಿ ಅಂತ ಕರದ್ರ ಒಬ್ಬ ಬರೂದಿಲ್ಲ," ಎಂದು ಅಲ್ಲಪ್ಪ ಹೆಂಡತಿ ಕಾಶೆವ್ವನಿಗೆ ಹೇಳಿದ. "ಕಪ್ಪಿ ನೋಡಾಕ ಸರಕಾರ ಪಗಾರ ಕೊಟ್ಟು ಮಂದೀನ ಕಳಸತೈತಿ ಅಂದ್ರ ನಂಬೂ ಮಾತೇನ ಇದು? ಇದರ ಒಳಗ ಬ್ಯಾರೆ ಏನೋ ಐತಿ."

ಅವನ ಅನುಮಾನಕ್ಕೆ ಕಾರಣ ಇಲ್ಲದಿರಲಿಲ್ಲ. ಹಿಡಕಲ್ ಆಣೆಕಟ್ಟಿನಿಂದ ಬರುವ ಕಾಲುವೆ ಅವನ ಕಬ್ಬಿನ ಹೊಲದ ಬದುವಿಗೆ ತಾಗಿಯೇ ಹರಿಯುತ್ತಿತ್ತು. ಆ ಕಾಲುವೆಯ ಏರಿಯನ್ನು ಕೊರೆದು ಅವನೊಂದು ದಪ್ಪ ಪೈಪು ಹೂತಿದ್ದ. ಊರಿನ ಪಾಳಿ ಮುಗಿದು ತೂಬು ಮುಚ್ಚಿದ ಮೇಲೂ ಆ ಪೈಪು ಮಾತ್ರ ನೀರು ಕುಡಿಯುವುದನ್ನು ಬಿಡುತ್ತಿರಲಿಲ್ಲ. ಸಣ್ಣಪುಟ್ಟ ಪೈಪು ಹಾಕಿದವರು ಇನ್ನೂ ಕೆಲವರಿದ್ದರೂ ಅಲ್ಲಪ್ಪನದಕ್ಕೆ ಸಮನಾದದ್ದು ಬೇರೆ ಇರಲಿಲ್ಲ. ಹೀಗೆ ಮೇಲಿನವರು ಹೀರಿ ಉಳಿಸಿದ್ದಷ್ಟೇ ಕಾಲುವೆಯ ಕೊನೆಯ ಊರಿಗೆ ಸಿಗಬೇಕು. ಆ ಟೇಲೆಂಡಿನ ಊರಿಗೇ ಅವನ ಒಬ್ಬಳೇ ತಂಗಿ ಹನಮವ್ವನನ್ನು ಕೊಟ್ಟದ್ದು. ಪೈಪು ಹೂಳುವ ಕಾಲಕ್ಕೆ ಅವಳಿನ್ನೂ ತವರಿನಲ್ಲಿದ್ದಳು, ಅಗೆಯುವವರಿಗೆ ಬುತ್ತಿ ಹೊತ್ತು ತಂದವಳೂ ಅವಳೇ. ತನ್ನ ಗಂಡನ ಹೊಲವನ್ನು ಒಣಗಿಸುವ ಕೆಲಸಕ್ಕೆ ತಾನೇ ರೊಟ್ಟಿ ತರುತ್ತಿದ್ದೇನೆಂದು ಆ ಹುಡುಗಿಗೆ ಆಗ ಹೇಗೆ ಗೊತ್ತಾಗಬೇಕು?

ಈಗ ಎರಡು ನಾಗರಪಂಚಮಿಗಳಿಂದ ಹನಮವ್ವ ತವರಿಗೆ ಬಂದಿರಲಿಲ್ಲ. ಗಾಡಿ ಕಳಿಸಿದರೂ ತಿರುಗಿ ಕಳಿಸಿದ್ದಳು. ಅವಳ ಊರಿನವರು ಕಾಲುವೆ ಆಫೀಸಿಗೆ ದೂರು ಕೊಡಲು ಮೇಲಿನ ಊರಿನ ಕಳ್ಳರ ಹೆಸರು ಕೂಡಿಸುತ್ತಿದ್ದಾರೆಂಬ ಸುದ್ದಿಯೂ ಅಲ್ಲಪ್ಪನ ಕಿವಿಗೆ ಬಿದ್ದಿತ್ತು. ಎರಡನ್ನೂ ಅವನು ಒಂದೇ ದಾರಕ್ಕೆ ಪೋಣಿಸಿ ಇಟ್ಟುಕೊಂಡಿದ್ದ.

ಮೊದಲು ಅವನ ಹೊಲಕ್ಕೆ ಕಾಲಿಟ್ಟವನು ಮಣ್ಣಿನ ಸಂಶೋಧಕ ಕಾಶಿನಾಥ. ಕೊಣ್ಣೂರಿನ ರೈತರ ಮನೆಯ ಹುಡುಗ. ಊರಿನ ಹೊಲಗಳನ್ನೆಲ್ಲ ಬಿಟ್ಟು ನೇರವಾಗಿ ಅಲ್ಲಪ್ಪನ ಹೊಲದ ತಗ್ಗಿನ ಮೂಲೆಗೇ ಹೋಗಿ, ಕಬ್ಬಿಣದ ಕೊಳವೆಯನ್ನು ನೆಲಕ್ಕೆ ತಿರುವಿ ಇಳಿಸತೊಡಗಿದ. ಅಲ್ಲಪ್ಪ ಓಡಿಬಂದು ಅವನ ತಲೆಯ ಮೇಲೆಯೇ ನಿಂತ.

"ಇಲ್ಲಿ ಯಾಕ? ಊರಾಗ ಬ್ಯಾರೆ ಮಣ್ಣ ಇಲ್ಲೇನು?"

"ಇಲ್ಲಿ ಬೆಳ್ಳಗ ಉಪ್ಪ ಕಟ್ಟೈತಲ್ರಿ ಕಾಕಾ, ಅದಕ್ಕ. ನೆಲ ಹಿಂಗ ಸವಳಾಗಬೇಕಂದ್ರ ಭಾಳ ವರ್ಷ ನೀರ ಕುಡದಿರಬೇಕು. ಪಾಳಿ ನೀರಿಗೆ ಇಷ್ಟ ಆಗೂದಿಲ್ಲ."

"ಅದು ನಮ್ಮ ಮುತ್ಯಾನ ಕಾಲದಿಂದಲೂ ಹಂಗ ಐತಿ. ಸುಣ್ಣದ ಕಲ್ಲ ಅದಾವ ಕೆಳಗ."

ಕಾಶಿನಾಥ ವಾದಿಸಲಿಲ್ಲ. ಹಿಡಿ ಮಣ್ಣು ಚೀಲಕ್ಕೆ ತುಂಬಿ, ನಕ್ಕು, ಹೊರಟುಹೋದ. ಆ ನಗುವೇ ಅಲ್ಲಪ್ಪನ ಊಟ ಕೆಡಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೇ ಇಲ್ಲ, ಇವನು ಆಗಲೇ ಹೆಗಲು ಒರೆಸಿಕೊಳ್ಳುತ್ತಿದ್ದ.

ಆಮೇಲೆ ಬಂದವನು ಕಪ್ಪೆಯವನು. ಅಜಿತ ಎಂದು ಅವನ ಹೆಸರು. ಹೊತ್ತು ಮುಳುಗುವ ಹೊತ್ತಿಗೆ ಅದೇ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಕೈಯಲ್ಲೊಂದು ಮೈಕು ಹಿಡಿದು, ಕಣ್ಣು ಮುಚ್ಚಿಕೊಂಡಿದ್ದ. ಅಲ್ಲಪ್ಪ ಕೆಮ್ಮಿದರೆ ಬಾಯಿಗೆ ಬೆರಳಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿದ. ತನ್ನ ಹೊಲದಲ್ಲಿ ತನಗೇ ಕೆಮ್ಮಲು ಅಪ್ಪಣೆಯಿಲ್ಲ! ಕಪ್ಪೆಗಳು ಹಾಡಿ ದಣಿದ ಮೇಲೆ ಅವನು ಎದ್ದು ಬಂದ.

"ಒಂದು ವಿಚಿತ್ರ ನೋಡ್ರಿ ಯಜಮಾನ್ರ," ಎಂದ. "ಸುತ್ತಲಿನ ಹೊಲದಾಗ ಕಪ್ಪಿ ಸುಮ್ಮಕಾಗ್ಯಾವು. ನೀರಿನ ಪಾಳಿ ಮುಗದೈತಲ್ಲ, ಸಹಜ ಅದು. ನಿಮ್ಮ ಹೊಲದಾಗ ಮಾತ್ರ ಇನ್ನೂ ಕೂಗಾಕತ್ತಾವು. ತತ್ತೀನೂ ಇಟ್ಟಾವು. ಎಲ್ಲಿಂದ ಬರಾಕತ್ತೈತ್ರಿ ನೀರು?"

"ಬೋರಿಂದು," ಎಂದ ಅಲ್ಲಪ್ಪ. ಬೋರು ಬತ್ತಿದ್ದು ಊರಿಗೆಲ್ಲ ಗೊತ್ತಿತ್ತು. "ಬೋರಿನ ಪೈಪ್ ಸೋರತೈತಿ."

ಮರುದಿನವೇ ಅವನು ಕಬ್ಬಿನ ಒಣಗಿದ ಎಲೆಯ ರವದಿಯನ್ನು ಹೊರೆಗಟ್ಟಲೆ ತಂದು ಪೈಪಿನ ಬಾಯಿಯ ಮೇಲೆ ಒಟ್ಟಿದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂಬುದು ಸುಳ್ಳಲ್ಲ. ಒಟ್ಟಿದ ಮೇಲೆ ಆ ಬಣವೆಯೇ ಎದ್ದು ಕಾಣುತ್ತದೆಂದು ಅನಿಸಿ ಅರ್ಧ ತೆಗೆದ, ಅರ್ಧ ತೆಗೆದದ್ದು ಇನ್ನೂ ಕೆಟ್ಟದಾಗಿ ಕಂಡು ಮತ್ತೆ ಒಟ್ಟಿದ. ಇವರು ಯಾರೂ ಸಂಶೋಧಕರಲ್ಲ, ಕಾಲುವೆ ಆಫೀಸಿನವರೇ ವೇಷ ಹಾಕಿಕೊಂಡು ಬಂದಿದ್ದಾರೆಂದು ಅವನಿಗೆ ಖಾತ್ರಿಯಾಯಿತು. ಕರೆಸಿದವರು ಯಾರು? ಪೈಪು ಎಲ್ಲಿದೆಯೆಂದು ಊರ ಹೊರಗೆ ಬಲ್ಲವಳು ಒಬ್ಬಳೇ.

"ಹನಮೀದ ಇದು ಕೆಲಸ," ಎಂದು ಅವನು ತಾಯಿ ಭರಮವ್ವನ ಮುಂದೆ ಹಲ್ಲು ಕಡಿದ. "ಉಂಡ ಮನಿ ಗಳಾ ಎಣಿಸಾಕಿ."

ಭರಮವ್ವ ಮಗನ ಮುಖವನ್ನು ಒಮ್ಮೆ ನೋಡಿದಳು. ಎದ್ದು ಒಳಗೆ ಹೋದಳು.

ಹಾಡಿನ ಸಂಶೋಧಕಿ ನೇತ್ರಾ ಬಂದಾಗ ಅಲ್ಲಪ್ಪ ಮೊದಲ ಬಾರಿಗೆ ನಿರಾಳವಾಗಿ ಉಸಿರು ಬಿಟ್ಟ. ಹುಕ್ಕೇರಿಯ ಹೆಣ್ಣುಮಗಳು, ಮಾತು ಮೃದು. ಹಳೆಯ ಬೀಸುಕಲ್ಲಿನ ಪದಗಳನ್ನು ಕೂಡಿಸುತ್ತಿದ್ದಳು. ಇವಳ ಕೈಯಲ್ಲಿ ಅಗೆಯುವ ಕೊಳವೆಯಿರಲಿಲ್ಲ, ಇವಳಿಗೆ ಹೊಲದ ಕಡೆ ಹೋಗುವ ಕೆಲಸವೂ ಇರಲಿಲ್ಲ. ಹಾಡಿನಿಂದ ಯಾರ ಪೈಪು ಕಿತ್ತುಹೋಗಿದೆ?

"ನಮ್ಮ ಅವ್ವನ ಹಂತೇಕ ಮೂಟಿಗಟ್ಟಲೆ ಅದಾವ್ರಿ," ಎಂದು ತಾನೇ ಕರೆದುಕೊಂಡು ಬಂದು ಪಡಸಾಲೆಯಲ್ಲಿ ಕೂರಿಸಿದ. ಚಹಾ ಮಾಡಿಸಿದ. "ಅವ್ವಾ, ಒಂದೂ ಮುಚ್ಚಿಡಬ್ಯಾಡ, ಎಲ್ಲಾ ಹಾಡು," ಎಂದ. ಹಾಡಿನವಳು ಮನೆಯಲ್ಲಿದ್ದಷ್ಟು ದಿನ ಉಳಿದವರೂ ತನ್ನನ್ನು ಒಳ್ಳೆಯವನೆಂದುಕೊಂಡಾರು ಎಂಬ ಲೆಕ್ಕ ಅವನದು.

"ಎಲ್ಲಾ ಹಾಡ್ಲ್ಯಾ?" ಎಂದು ಭರಮವ್ವ ಕೇಳಿದಳು.

"ಎಲ್ಲಾ."

ಆ ಪದಗಳಲ್ಲಿ ಏನಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆ ಕಡೆಯ ಮನೆಗಳಲ್ಲಿ ಹೆಂಗಸರು ಬೀಸಲು ಕೂತರೆಂದರೆ ಗಂಡಸರು ಎದ್ದು ಹೊರಗೆ ಹೋಗುವುದು ರೂಢಿ. ಬೀಸುಕಲ್ಲಿನ ಮುಂದೆ ಹೆಣ್ಣು ಏನನ್ನಾದರೂ ಹೇಳಿಕೊಳ್ಳಬಹುದು, ಅತ್ತೆಯನ್ನು ಬೈಯಬಹುದು, ಗಂಡನ ಮಾನ ಕಳೆಯಬಹುದು. ಕಲ್ಲಿಗೆ ಹೇಳಿದ್ದನ್ನು ಗಂಡಸು ಕೇಳಬಾರದು, ಕೇಳಿದರೂ ತಿರುಗಿ ಪ್ರಶ್ನಿಸಬಾರದು. ಗಿರಣಿ ಬಂದು ಎಷ್ಟೋ ಕಾಲವಾದರೂ ಭರಮವ್ವ ಬ್ಯಾಳಿ ಒಡೆಯುವ ನೆಪದಲ್ಲಿ ಕಲ್ಲಿನ ಮುಂದೆ ಕೂರುವುದನ್ನು ಬಿಟ್ಟಿರಲಿಲ್ಲ. ಅಲ್ಲಪ್ಪ ಆಗೆಲ್ಲ ಹೊಲಕ್ಕೆ ಹೋಗಿಬಿಡುತ್ತಿದ್ದ.

ಎರಡು ದಿನ ಹಾಡಿದ ಮೇಲೆ ಮುದುಕಿ ಹಟ ಹಿಡಿದಳು. ಬೀಸುವುದು ಇಬ್ಬರ ಕೆಲಸ, ಒಬ್ಬಳು ಎತ್ತಿಕೊಟ್ಟ ಪದಕ್ಕೆ ಎದುರಿನವಳು ಜವಾಬು ಹಾಡಬೇಕು, ತನ್ನ ಎದುರಿಗೆ ಸದಾ ಕೂರುತ್ತಿದ್ದವಳು ಮಗಳು, ಆದ್ದರಿಂದ ಅವಳಿಲ್ಲದೆ ಮುಂದೆ ಬಾಯಿ ಬಿಡುವುದಿಲ್ಲ ಎಂದಳು. ಅಲ್ಲಪ್ಪ ಮನೆಗೆ ಬರುವಷ್ಟರಲ್ಲಿ ನೇತ್ರಾ ಮುದುಕಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹನಮವ್ವನ ಊರಿಗೆ ಹೋಗಿಯೂ ಆಗಿತ್ತು. ಸುದ್ದಿ ಕೇಳಿ ಅವನು ಹಣೆ ಬಡಿದುಕೊಂಡ. ಮಣ್ಣಿನವನಿಗೆ, ಕಪ್ಪೆಯವನಿಗೆ ಕಾವಲು ಕಾಯುತ್ತ ನಿಂತು, ಬಾಗಿಲು ತೆರೆದು ಒಳಗೆ ಬಿಟ್ಟುಕೊಂಡದ್ದು ಇವಳನ್ನು!

ಜೀಪು ಮರುದಿನ ತಿರುಗಿ ಬಂತು. ಅಲ್ಲಪ್ಪ ಸಂಶೋಧಕರು ಇಳಿದುಕೊಂಡಿದ್ದ ಶಾಲೆಯ ಕೋಣೆಗೆ ಹೋಗಿ ನೇತ್ರಾಳ ಎದುರು ನಿಂತ.

"ನಮ್ಮ ಹನಮವ್ವ ಏನ ಹೇಳಿದ್ಲು? ಖರೆ ಹೇಳ್ರಿ. ನಿಮ್ಮನ್ನ ಕಳಿಸಿದಾಕಿ ಅಕೀನ ಹೌದಿಲ್ಲ?"

ನೇತ್ರಾ ಗಾಬರಿಯಾಗಲಿಲ್ಲ. ಎದ್ದು ಕುರ್ಚಿ ಸರಿಸಿಕೊಟ್ಟಳು. "ಕಲ್ಲಿಗೆ ಹೇಳಿದ್ದು ಗಂಡಸರು ಕೇಳಬಾರದಂತ ನಿಮ್ಮ ಅವ್ವಾರು ಹೇಳ್ಯಾರ್ರಿ. ಆದ್ರ ಇವೆರಡು ಪದ ಮಾತ್ರ ನಿಮಗ ಕೇಳಿಸು ಅಂತಂದವರೂ ಅವರ. ಮಗನ ಮಾರಿ ನೋಡಿ ಹೇಳಾಕ ತಮಗ ಆಗೂದಿಲ್ಲಂತ. ನಾ ಇನ್ನೂ ಯಾರಿಗೂ ಕೇಳಿಸಿಲ್ರಿ. ನೀವು ಬ್ಯಾಡ ಅಂದ್ರ ಅಳಿಸಿಬಿಡ್ತೇನಿ."

ಹಾಡು ಹಿಡಿದಿಟ್ಟುಕೊಂಡಿದ್ದ ಯಂತ್ರದೊಳಗಿಂದ ಕಲ್ಲು ತಿರುಗುವ ಸಪ್ಪಳ ಕೇಳಿತು. ಅದರ ಮೇಲೆ ತಾಯಿಯ ಒಡಕು ದನಿ:

ಒಂದ ಬಳ್ಳಿಯ ಮ್ಯಾಲ ಎರಡ ಹೂವರಳ್ಯಾವ
ಒಂದಕ್ಕ ಹೊಳಿಯ ನೀರೆಲ್ಲ | ಇನ್ನೊಂದ
ಒಂದಕ್ಕ ತುಟಿ ತೋಯೊ ಹನಿಯಿಲ್ಲ

ಕಲ್ಲು ಒಂದು ಸುತ್ತು ಬರಿದೇ ತಿರುಗಿತು. ಆಮೇಲೆ ತಂಗಿ ಜವಾಬು ಎತ್ತಿಕೊಂಡಳು:

ಬಂದ ಕೇಳ್ಯಾರ ಮಂದಿ ನೀರ ಕದ್ದವನ್ಯಾರ
ಅಂದೇನ ನಾನು ಅರಿಯೆನ | ತವರವರ
ನಿಂದೆ ನನ ಬಾಯ್ಗೆ ಬರಬ್ಯಾಡ

ನೇತ್ರಾ ಯಂತ್ರ ನಿಲ್ಲಿಸಿ ಮೆಲ್ಲಗೆ ಹೇಳಿದಳು: "ನಿಮ್ಮ ತಂಗಿ ಊರವರು ಅವರ ಮನಿಗೆ ಬಂದು ನಿಮ್ಮ ಹೆಸರ ಹಿಡದು ಕೇಳಿದ್ರಂತ. ನಮ್ಮ ಅಣ್ಣ ಅಂಥಾವ ಅಲ್ಲ ಅಂತ ಲಿಂಗ ಮುಟ್ಟಿ ಸುಳ್ಳ ಆಣಿ ಮಾಡ್ಯಾರ. ಆಣಿ ಮಾಡಿದ ಮ್ಯಾಲ ನಿಮ್ಮ ಮನಿ ಪಂಚಮಿ ಉಂಡಿ ಗಂಟಲದಾಗ ಇಳಿಯೂದಿಲ್ಲ, ಅದಕ್ಕ ಬರಲಿಲ್ಲ ಅಂದ್ರು."

ಅವನಿಗೆ ನಾಚಿಕೆಯಾಯಿತು, ಮೈಯೆಲ್ಲ ಸುಡುವಷ್ಟು ನಾಚಿಕೆಯಾಯಿತು. ಆದರೂ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ. ಬಾಯಿಂದ ಮೊದಲು ಹೊರಟ ಮಾತು, "ಆ ಮಣ್ಣಿನಂವಗ, ಕಪ್ಪಿಯಂವಗ ಇದು ಗೊತ್ತೈತೇನ್ರಿ?" ಎಂಬುದು.

"ಅವರಿಗೆ ಮೊದಲ ದಿನಾನ ಗೊತ್ತಾಗೈತ್ರಿ. ಮಣ್ಣ ಹೇಳಿತು, ಕಪ್ಪಿ ಹೇಳಿದ್ವು. ನನಗ ಹಾಡಿನಿಂದ ಗೊತ್ತಾತು. ನಿಮ್ಮನ್ನ ಹಿಡಿಯಾಕ ಯಾರೂ ಬಂದಿಲ್ಲ." ಅವಳು ಯಂತ್ರವನ್ನು ಮುಂದೆ ಸರಿಸಿದಳು. "ಅಳಿಸಲೇನ್ರಿ?"

"ಬ್ಯಾಡ," ಎಂದ ಅಲ್ಲಪ್ಪ. "ಅಕಿ ದನಿ ಅಳಿಸಬ್ಯಾಡ್ರಿ."

ಮರುದಿನ ಬೆಳಗ್ಗೆ ಅವನು ರವದಿಯನ್ನು ಎಳೆದು ಹಾಕಿ, ಸಲಿಕೆ ಹಿಡಿದು ಏರಿ ಅಗೆಯತೊಡಗಿದ. ಕಾಶಿನಾಥ ಚೀಲ ಹೊತ್ತುಕೊಂಡು ಅದೇ ದಾರಿಯಲ್ಲಿ ಬಂದವನು ಒಂದು ಗಳಿಗೆ ನಿಂತ. ಆಮೇಲೆ ಪಕ್ಕದ ಹೊಲಕ್ಕೆ ಇಳಿದುಹೋದ. ಪೈಪು ಮೇಲೆ ಬಂತು, ಕಿಂಡಿಗೆ ಕಲ್ಲು ಮಣ್ಣು ತುಂಬಿ ತುಳಿದದ್ದೂ ಆಯಿತು. ಮೈಮೇಲಿನ ಕೆಸರನ್ನೂ ತೊಳೆಯದೆ ಅಲ್ಲಪ್ಪ ಮೋಟರ್ ಸೈಕಲ್ ಹತ್ತಿ ತಂಗಿಯ ಊರಿಗೆ ಹೊರಟ.

ಹನಮವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಣ್ಣನನ್ನು ಕಂಡವಳೇ ಮೊರ ಕೆಳಗಿಟ್ಟು ಎದ್ದು ನಿಂತಳು. ಬಾ ಎನ್ನಲಿಲ್ಲ, ನೀರು ತರಲಿಲ್ಲ. ಅವನ ಮುಖ ನೋಡಿದಳು, ಕೆಸರಿನ ಕೈ ನೋಡಿದಳು, ಅವನ ಹಿಂದೆ ಇನ್ಯಾರಾದರೂ ಬಂದಿದ್ದಾರೆಯೇ ಎಂದು ದಾರಿ ನೋಡಿದಳು. ಜನ್ಮವಿಡೀ ತಾನು ಊರಿನ ಮಂದಿಯನ್ನು ನೋಡಿದ್ದು ಇದೇ ಕಣ್ಣಿನಿಂದ ಎಂದು ಅಲ್ಲಪ್ಪನಿಗೆ ಗೊತ್ತಾಯಿತು.

"ಯಾಕ ಬಂದಿ ಅಣ್ಣಾ?" ಎಂದಳು. "ಆ ನೇತ್ರಾ ಬಾಯಾರ ಮುಂದಷ್ಟ ಹಾಡೇನಿ, ಹೇಳೇನಿ. ದೂರ ಕೊಡೂ ಮಂದಿಗೆ ನಿನ್ನ ಹೆಸರ ಹೇಳಿಲ್ಲ. ಬೇಕಾದ್ರ ಇನ್ನೊಮ್ಮಿ ಆಣಿ ಮಾಡ್ತೇನಿ."

"ಆಣಿ ಬ್ಯಾಡ ತಂಗೀ. ಪೈಪ್ ಕಿತ್ತ ಬಂದೇನಿ. ನಿನ್ನ ಗಂಡನ್ನ ಕರಿ. ಹೆಸರ ಕೇಳಾಕ ಬಂದಿದ್ರಲ್ಲ, ಆ ಮಂದೀನೂ ಕರಿ. ನನ್ನ ಹೆಸರ ನಾನ ಹೇಳ್ತೇನಿ."

ಹನಮವ್ವ ನಿಂತಲ್ಲಿಂದ ಅಲುಗಲಿಲ್ಲ. ಅಣ್ಣನ ಕಣ್ಣನ್ನೇ ನೋಡುತ್ತ, ದನಿ ತಗ್ಗಿಸಿ ಕೇಳಿದಳು.

"ಖರೆ ಹೇಳು. ಇದರಾಗ ಏನ ಹುನ್ನಾರ ಐತಿ?"

ಅಲ್ಲಪ್ಪ ಅಂಗಳದ ಕಟ್ಟೆಯ ಮೇಲೆ ಕೂತು, ಅವಳ ಗಂಡ ಬರುವ ದಾರಿ ನೋಡತೊಡಗಿದ.