ಗುಂಡಿ ಇಲ್ಲದ ಅಂಗಿ

ಹುಟ್ಟುಗುಣ ಸುಟ್ಟರೂ ಹೋಗದು, ಹೂಳಿದರೂ ಹೋಗದು. ಗಾದೆಯ ಬಾಲ ನಾನು ಸೇರಿಸಿದ್ದು. ಮುಂದಿನ ಕಥೆ ಮಾತ್ರ ನಡೆದದ್ದು. ಸುಳ್ಳಾದರೆ ಅಕ್ಕ ನನ್ನ ಬಾಯಿಗೆ ಹೊಲಿಗೆ ಹಾಕಲಿ. ಅವಳು ಟೈಲರ್.

ಭಾವನೂ ಟೈಲರೇ. ಕತ್ತರಿಸುವುದು ಅವರು, ಹೊಲಿಯುವುದು ಇವಳು. ನಾವು ಚರ್ಚಿನ ಬೆಂಚಿನ ಮೇಲೆ ಬೆಳೆದವರು: ಒಂದೇ ಜನ್ಮ, ಒಂದೇ ತೀರ್ಪು, ಕಡೆಯ ದಿನ ಎಲ್ಲರೂ ಇದೇ ಮೈಯಲ್ಲಿ ಎದ್ದು ಬರುತ್ತಾರೆ. ಭಾವ ಹಿಂದೂ. ಗಿರಾಕಿಗಳಿಲ್ಲದ ಮಧ್ಯಾಹ್ನ ಇಬ್ಬರಿಗೂ ಅದೇ ವಾದ.

"ಆತ್ಮಕ್ಕೆ ಮೈ ಅಂದ್ರೆ ಅಂಗಿ ಕಣೇ. ಸವೆದು ಹೋದ್ರೆ ಇನ್ನೊಂದು."

"ನಮ್ಮಲ್ಲಿ ಹಾಗೆಲ್ಲ ದುಂದು ಮಾಡಲ್ಲ ರೀ. ಅದನ್ನೇ ಇಸ್ತ್ರಿ ಮಾಡಿ ವಾಪಸ್ ಕೊಡ್ತಾರೆ."

"ಅದಕ್ಕೇ ನಿಮಗೆ ಗುಂಡಿ ಬೇಕು. ನಮಗೆ ಗುಂಡೀನೇ ಬೇಡ!"

ಟ್ರಯಲ್ ರೂಮಿನ ಪರದೆಯ ಹಿಂದೆ ನಿಂತು ನಾನು ಭಾವನ ದನಿಯಲ್ಲಿ ಟೀ ಕೇಳುತ್ತಿದ್ದೆ. ಅಕ್ಕ ಮೋಸಹೋಗಿ ತಂದುಕೊಟ್ಟು, ಆಮೇಲೆ ನನ್ನನ್ನು ಗಿಣಿ ಎಂದು ಬೈಯುತ್ತಿದ್ದಳು.

ಒಂದು ಬೆಳಿಗ್ಗೆ ಭಾವ ಕತ್ತರಿ ಹಿಡಿದಿದ್ದಂತೆಯೇ ಮೇಜಿನ ಮೇಲೆ ಒರಗಿದವರು ಮತ್ತೆ ಏಳಲಿಲ್ಲ. ಅವರ ಮನೆಯವರು ಸುಟ್ಟರು. ಅವರಿಗೆಂದು ಅಕ್ಕ ಹೊಲಿಯುತ್ತಿದ್ದ ಅಂಗಿ ಗುಂಡಿ ಇಲ್ಲದೆ ಹೊಲಿಗೆ ಮಷೀನಿನ ಮೇಲೆಯೇ ಉಳಿಯಿತು.

ನಾಲ್ಕು ತಿಂಗಳು ಅಕ್ಕ ದಿನವೂ ಅಂಗಡಿಗೆ ಬಂದಳು, ಸೂಜಿಗೆ ದಾರ ಪೋಣಿಸಲಿಲ್ಲ. ಒಮ್ಮೆ ಮಾತ್ರ ಕೇಳಿದಳು: "ಲೋ ಗಿಣಿ, ಚರ್ಚಲ್ಲಿ ಕಲಿಸಿದ್ದು ನಿಜ ಆದ್ರೆ, ನಾನು ಎದ್ದ ದಿನ ಅವರಿಗೆ ಏಳೋಕೆ ಮೈಯೇ ಇಲ್ಲ. ಅವರು ಹೇಳಿದ್ದು ನಿಜ ಆದ್ರೆ, ಈಗಾಗ್ಲೇ ಯಾರ ಮಡಿಲಲ್ಲೋ ಆಡ್ತಿರ್ತಾರೆ. ಹೇಗೆ ನೋಡಿದ್ರೂ ನನಗೆ ಸಿಗಲ್ವಲ್ಲೋ."

ನನಗೆ ಗೊತ್ತಿರುವುದು ದನಿ ಅನುಕರಿಸುವುದೊಂದೇ. ಮರುದಿನ ಅವಳಿಗಿಂತ ಮೊದಲೇ ಹೋಗಿ ಪರದೆಯ ಹಿಂದೆ ನಿಂತು, ಭಾವನಂತೆ ಕೆಮ್ಮಿ, "ಎಲ್ಲೇ ನನ್ನ ಅಂಗಿ?" ಎಂದೆ.

ಅವಳ ಚೀಲ ಬಿದ್ದ ಸದ್ದು. ಎರಡೂ ಧರ್ಮಗಳಲ್ಲಿ ಪಾಪವಾಗುವಂಥದ್ದನ್ನೇ ಮಾಡಿದೆನೆಂದು ಆಗ ಹೊಳೆಯಿತು.

"ಬಂದ್ರಾ?" ಅಷ್ಟು ಮೆತ್ತಗಿನ ದನಿ ಅವಳಿಂದ ಕೇಳಿರಲಿಲ್ಲ. "ಹಳೇ ಮೈಯಲ್ಲೋ, ಹೊಸದ್ರಲ್ಲೋ?"

ನನ್ನ ಬಾಯಿಗೆ ನಿಜಕ್ಕೂ ಹೊಲಿಗೆ ಬಿದ್ದಿತ್ತು. ಪರದೆಯ ಸಂದಿನಿಂದ ಎರಡು ಕೈಗಳು ಬಂದವು. ಅಳತೆಯ ಟೇಪನ್ನು ನನ್ನ ಸೊಂಟಕ್ಕೆ ಸುತ್ತಿ ಬಿಗಿದವು.

"ಇಪ್ಪತ್ತೆಂಟು," ಎಂದಳು. "ಅವರದ್ದು ನಲವತ್ತೆರಡು. ದನಿ ಕದ್ದೋನು ಹೊಟ್ಟೇನೂ ಕದೀಬೇಕಿತ್ತಲ್ವೇನೋ, ಬಡಕಲು ಗಿಣಿ!"

ಪರದೆ ಸರಿಸಿದಾಗ ಅಳುತ್ತಿದ್ದವನು ನಾನು. ಅವಳು ಆ ಅಂಗಿಯನ್ನು ನನಗೇ ತೊಡಿಸಿ, ಗುಂಡಿ ಇಲ್ಲದ ಅಂಚುಗಳನ್ನು ಒಂದರ ಮೇಲೊಂದು ಎಳೆದು ಹಿಡಿದಳು. ಬಟ್ಟೆ ನನ್ನ ಬೆನ್ನವರೆಗೂ ಸುತ್ತಿ ಬಂತು.

"ಇನ್ನೊಬ್ಬರಿಗೆ ಜಾಗ ಇದೆ ಕಣೋ ಇದರಲ್ಲಿ," ಎಂದವಳಿಗೆ ನಗು ಒತ್ತರಿಸಿಬಂತು. ಎದುರಂಗಡಿಯ ಕ್ಷೌರಿಕ ಬಾಗಿಲಿಗೆ ಬಂದು, ಏನೆಂದು ತಿಳಿಯದೆಯೇ ನಕ್ಕ. ಮೂಗು ಒರೆಸಿಕೊಂಡು ನಾನೂ ನಕ್ಕೆ. ಆದರೆ ಕೆನ್ನೆಯೆಲ್ಲ ಒದ್ದೆಯಾಗಿ, ಅಂಗಿಯ ಅಂಚು ಬಿಡದೆ, ಬೀದಿಗೆ ಕೇಳುವಂತೆ ನಕ್ಕವಳು ಅವಳೇ.