ಮುಖಕ್ಕೆ ಏಕವಚನವಿಲ್ಲ

ಒಂದು ಭಾನುವಾರ, ಚರ್ಚಿನಲ್ಲಿ ತುಂಬಿದ ಸಭೆಯ ಮುಂದೆ, ಪ್ರಸಂಗ ಅರ್ಧಕ್ಕೆ ಬಂದಿದ್ದಾಗ ಪಾದ್ರಿಗಳು ಮಾತು ನಿಲ್ಲಿಸಿದರು. ಎರಡನೆಯ ಬೆಂಚಿನಲ್ಲಿ ಕೂತಿದ್ದ ಅವರ ಹೆಂಡತಿ, ಗಂಟಲು ಕಟ್ಟಿರಬೇಕು ಎಂದುಕೊಂಡು ನೀರು ತರಲು ಎದ್ದಳು. ಅಷ್ಟರಲ್ಲಿ ಅವರು ಪುಸ್ತಕ ಮುಚ್ಚಿ, "ಕ್ಷಮಿಸಿ, ಇದರ ಮುಂದೆ ನನಗೆ ಗೊತ್ತಿಲ್ಲ," ಎಂದು ಮೆಟ್ಟಿಲಿಳಿದು ಪಕ್ಕದ ಬಾಗಿಲಿನಿಂದ ಹೊರಟುಹೋದರು. ಮದುವೆಯಾದಾಗಿನಿಂದ ಅದೇ ವೇದಿಕೆಯ ಮೇಲೆ ನಿಂತು ಮಾತಾಡಿದ ಮನುಷ್ಯ. ಸಭೆಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಆಕೆ ಮನೆಗೆ ಓಡಿಬಂದು ನೋಡಿದರೆ ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು.

"ಏನಾಯ್ತ್ರೀ?"

"ಏನಿಲ್ಲ. ಇವಳೇ, ನಾನು ಓದಬೇಕು."

"ಓದಿ. ಬೇಡ ಅಂದೋರು ಯಾರು?"

"ಹಾಗಲ್ಲ. ಯೂನಿವರ್ಸಿಟಿಗೆ ಹೋಗಿ ಓದಬೇಕು. ಆ ಹಳೇ ಜನ ಬೈಬಲನ್ನ ಯಾವ ಭಾಷೇಲಿ ಬರೆದರೋ ಅದರಲ್ಲೇ. ಹೀಬ್ರೂನಲ್ಲಿ."

ಯಾಕೆ ಎಂದು ಕೇಳಿದ್ದಕ್ಕೆ ಅವರು ಇನ್ನಷ್ಟು ಬಟಾಣಿ ಮುಂದಕ್ಕೆಳೆದುಕೊಂಡರು. ಬೇಸಿಗೆ ಕಳೆಯುವುದರೊಳಗೆ ಅವರು ಸಭೆಯ ಕೆಲಸ ಬಿಟ್ಟು, ಸಭೆಯವರು ಕೊಟ್ಟಿದ್ದ ಮನೆಯನ್ನೂ ಬಿಟ್ಟು, ದೂರದ ಊರಿನಲ್ಲಿ ಮುದ್ರಣಾಲಯದ ಮೇಲಿನ ಎರಡು ಕೋಣೆಗೆ ಆಕೆಯೊಡನೆ ಬಂದಿದ್ದರು. ಮದುವೆಯಾಗಿ ಹೋಗಿದ್ದ ಮಗಳು ಫೋನಿನಲ್ಲೇ ಕೂಗಾಡಿದಳು. "ಅಮ್ಮಾ, ಅರವತ್ತಕ್ಕೆ ಅರಳುಮರಳು ಅಂತಾರೆ. ಅಪ್ಪಂಗೆ ಐವತ್ತೈದಕ್ಕೇ ಶುರುವಾಯ್ತಾ? ಇನ್ನು ಮೊಮ್ಮಗನ ಜೊತೆ ಚೀಲ ಹಾಕ್ಕೊಂಡು ಹೋಗ್ತಾರಾ?"

ಆಕೆ ನಕ್ಕು ಫೋನಿಟ್ಟಳು. ಮದುವೆಗೆ ಮುಂಚೆ ಕಲಿತ ಕೆಲಸ ಕೈಯಲ್ಲಿತ್ತು. ಯೂನಿವರ್ಸಿಟಿ ರಸ್ತೆಯ ಕನ್ನಡಕದ ಅಂಗಡಿಗೆ ಸೇರಿದಳು. ಗಾಜಿನ ಅಂಚು ಸಾಣೆ ಹಿಡಿದು ಫ್ರೇಮಿಗೆ ಕೂರಿಸುವುದು, ಸಡಿಲವಾದ ಸ್ಕ್ರೂ ಬಿಗಿ ಮಾಡುವುದು. ಅಂಗಡಿ ಯಜಮಾನ ಬಾಯಿ ತೆರೆದರೆ ಗಾದೆ. "ಅಲ್ಲಮ್ಮಾ, ದೇವರ ವಿಷಯ ತಿಳಿಯೋಕೆ ಯೂನಿವರ್ಸಿಟೀನೇ ಬೇಕಾ? ಆಕಾಶ ನೋಡೋಕೆ ನೂಕುನುಗ್ಗಲಾ?"

"ನಮ್ಮೆಜಮಾನ್ರಿಗೆ ಹತ್ತಿರದ್ದೂ ಕಾಣಲ್ಲ, ದೂರದ್ದೂ ಕಾಣಲ್ಲ. ಅದಕ್ಕೇ ಹೋಗಿದಾರೆ," ಎಂದಳು ಆಕೆ.

ತಮಾಷೆಗೆ ಹೇಳಿದ ಮಾತು ಸಂಜೆಯವರೆಗೂ ಮನಸ್ಸಿನಲ್ಲಿ ಚುಚ್ಚುತ್ತಿತ್ತು.

ಹಿಂದೆಲ್ಲ ಶನಿವಾರ ಸಂಜೆಯೆಂದರೆ ಅವರಿಬ್ಬರದು. ಆಕೆ ಅವರ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದರೆ ಅವರು ಬಾಗಿಲ ಚೌಕಟ್ಟಿಗೆ ಒರಗಿ ಮರುದಿನದ ಪ್ರಸಂಗವನ್ನು ಒಪ್ಪಿಸುತ್ತಿದ್ದರು. "ಇಲ್ಲಿ ಸಾರು ನೀರಾಯ್ತು," "ಈ ಕಥೆ ಹೋದ ವರ್ಷಾನೂ ಹೇಳಿದ್ರಿ, ಹಿಂದಿನ ಬೆಂಚಿನೋರು ಆಕಳಿಸ್ತಾರೆ," ಎಂದು ಆಕೆ ಇಸ್ತ್ರಿಪೆಟ್ಟಿಗೆಯಿಂದ ತಲೆಯೆತ್ತದೆ ಹೇಳಿದರೆ ಅವರು ಮುನಿಸಿಕೊಂಡು, ಆಮೇಲೆ ಅದನ್ನೇ ತಿದ್ದಿಕೊಂಡು ಬರುತ್ತಿದ್ದರು. ಈಗ ಇಸ್ತ್ರಿ ಹಾಕಲು ನಿಲುವಂಗಿಯೂ ಇಲ್ಲ, ಕೇಳಲು ಪ್ರಸಂಗವೂ ಇಲ್ಲ. ಊಟ ಮುಗಿದರೆ ಅವರು ನಿಘಂಟಿನ ಮುಂದೆ. ಬಲದಿಂದ ಎಡಕ್ಕೆ ಸಾಗುವ ಸಾಲುಗಳು, ಅಕ್ಷರದ ಕಾಲಡಿಯಲ್ಲಿ ಸಾಸಿವೆಯಂಥ ಚುಕ್ಕೆಗಳು. ಆ ಚುಕ್ಕೆಗಳೇ ಸ್ವರಗಳಂತೆ. ಅವರ ತುಟಿ ಅಲುಗುತ್ತಿತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ಸವತಿ ಬಂದಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಎರಡೂವರೆ ಸಾವಿರ ವರ್ಷ ಹಳೆಯ ಭಾಷೆಯ ಜೊತೆ ಜಗಳ ಆಡುವುದು ಹೇಗೆ?

ಒಮ್ಮೆ ಧೈರ್ಯ ಮಾಡಿ ಕೇಳಿದಳು. "ಇವತ್ತು ಏನು ಪಾಠ ಮಾಡಿದ್ರು?"

"ಹೇಳಿದ್ರೆ ನಿನಗೆ ಅರ್ಥ ಆಗಲ್ಲ ಬಿಡು."

ಅಷ್ಟು ವರ್ಷಗಳಲ್ಲಿ ಅವರು ಆಕೆಗೆ ಅಂಥ ಮಾತು ಆಡಿದ್ದಿಲ್ಲ. ಆಕೆ ಹೊಟ್ಟೆಗೆ ಹಾಕಿಕೊಂಡಳು. ಆದರೆ ಅಂದಿನಿಂದ ಆಕೆಯ ಪ್ರಾರ್ಥನೆ ಒಂದೇ ಸಾಲಿಗೆ ಇಳಿಯಿತು. ಇವರನ್ನ ನನಗೆ ವಾಪಸ್ ಕೊಡು.

ಎರಡನೆಯ ವರ್ಷ ಅವರು ಜ್ವರ ಹಿಡಿದು ಮಲಗಿದರು. ಮೈ ಸುಡುತ್ತಿದ್ದರೂ ತರಗತಿ ತಪ್ಪಿತಲ್ಲ ಎಂದು ಒಂದೇ ಚಡಪಡಿಕೆ. ಕೊನೆಗೆ ಆಕೆಯೇ, "ನೀವು ಮಲಗಿ, ನಾನು ಹೋಗಿ ಹೇಳಿ ಬರ್ತೀನಿ," ಎಂದು ಹೊರಟಳು.

ಮೂರನೆಯ ಮಹಡಿಯ ಚಿಕ್ಕ ಕೋಣೆ. ಉದ್ದನೆಯ ಮೇಜಿನ ಸುತ್ತ ಏಳೆಂಟು ಮಂದಿ, ಎಲ್ಲರೂ ಮಗಳಿಗಿಂತ ಚಿಕ್ಕವರು. ಪ್ರೊಫೆಸರಮ್ಮ ಊರುಗೋಲನ್ನು ಕರಿಹಲಗೆಯ ಚೌಕಟ್ಟಿಗೆ ತಗುಲಿಸಿ, ಗೋಡೆಗೆ ಆತುಕೊಂಡು ನಿಂತಿದ್ದರು.

"ತಾತನ ಮನೆಯವರಾ? ಹುಡುಗರು ಅವರನ್ನ ಕರೆಯೋದೇ ಹಾಗೆ, ತಪ್ಪು ತಿಳೀಬೇಡಿ. ಮಹಡಿ ಹತ್ತಿ ಬಂದಿದೀರಿ, ಸುಧಾರಿಸ್ಕೊಂಡು ಹೋಗಿ. ಕೂತ್ಕೊಳ್ಳಿ."

ಆಕೆ ಗಂಡನ ಕುರ್ಚಿಯ ತುದಿಯಲ್ಲಿ ಕೂತಳು. ಪ್ರೊಫೆಸರಮ್ಮ ಹಲಗೆಯ ಮೇಲೆ ಒಂದು ಪದ ಬರೆದಿದ್ದರು.

"ಮುಖ. ಈ ಭಾಷೇಲಿ ಮುಖಕ್ಕೆ ಏಕವಚನವೇ ಇಲ್ಲ. ಒಬ್ಬನದಾದರೂ ಬಹುವಚನವೇ. ಕೋಪದ್ದು, ಪ್ರೀತಿದು, ಎಲ್ಲಾ ಸೇರಿ ಮುಖ ಅಂತ ನನಗೆ ಅನ್ಸುತ್ತೆ. ವ್ಯಾಕರಣದೋರು ಒಪ್ಪಲ್ಲ, ಬಿಡಿ. ಈಗ ನೋಡಿ, ಬೈಬಲಿನ ಕೀರ್ತನೆಗಳಲ್ಲಿ ಈ ಜನ ಕಷ್ಟ ಬಂದಾಗ 'ದೇವರು ಇಲ್ಲ' ಅಂತ ಹಾಡಲ್ಲ. 'ಮುಖ ಮರೆಸ್ಕೊಂಡಿದಾನೆ' ಅಂತ ಹಾಡ್ತಾರೆ. ಇಲ್ಲದವನ ಹತ್ತಿರ ಯಾರಾದ್ರೂ ದೂರು ಹೇಳ್ತಾರಾ?"

ಕಿಟಕಿ ಪಕ್ಕದ ಹುಡುಗಿ ಕೇಳಿದಳು. "ಕೊನೆಗೆ ತೋರಿಸ್ತಾನಾ ಮೇಡಂ?"

"ಕೆಲವು ಹಾಡಲ್ಲಿ ತೋರಿಸ್ತಾನೆ. ತೋರಿಸದೇನೇ ಮುಗಿದುಹೋಗೋ ಹಾಡೂ ಇದೆ. ಅದನ್ನೂ ಅವರು ಹರಿದು ಎಸೀಲಿಲ್ಲ, ಕಾಪಾಡಿದ್ರು."

ತರಗತಿ ಮುಗಿದ ಮೇಲೆ ಪ್ರೊಫೆಸರಮ್ಮ ಆಕೆಯ ತೋಳು ಹಿಡಿದು ಮೆಟ್ಟಿಲವರೆಗೂ ಬಂದರು. "ನಿಮ್ಮವರು ಮಾತೇ ಆಡಲ್ಲ. ಒಂದ್ಸಲ ಮಾತ್ರ ಕೇಳಿದ್ರು. 'ಮುಖ ಕಾಣದೋನು ಕಂಡೋನ ಹಾಗೆ ಎಷ್ಟು ದಿನ ಮಾತಾಡಬಹುದು?' ಅಂತ."

ದಾರಿಯುದ್ದಕ್ಕೂ ಆಕೆಗೆ ಅಳುವೂ ಬಂತು, ಸಿಟ್ಟೂ ಬಂತು. ಮನೆಗೆ ಬಂದು, ಗಂಜಿಯ ಬಟ್ಟಲನ್ನು ಮಂಚದ ಪಕ್ಕ ಕುಕ್ಕಿದಳು.

"ನಿಮ್ಮ ಪುಸ್ತಕದಲ್ಲಿ ದೇವರು ಮುಖ ಮರೆಸ್ಕೊಂಡಿದಾನಂತೆ. ಈ ಮನೇಲೂ ಒಬ್ರು ಅದೇ ಕೆಲಸ ಮಾಡ್ತಿದಾರೆ."

ಅವರು ಕಂಬಳಿಯೊಳಗಿಂದ ನಿಧಾನವಾಗಿ ಎದ್ದು ಕೂತರು.

"ಚಿಕ್ಕವನಿದ್ದಾಗ ಹಿತ್ತಲಲ್ಲಿ ಒಬ್ಬನೇ ಆಡ್ತಿದ್ದೆ. ಒಬ್ಬನೇ ಇದ್ರೂ ಒಬ್ಬನೇ ಅನ್ನಿಸ್ತಿರಲಿಲ್ಲ. ಆಮೇಲೂ ಎಷ್ಟೋ ವರ್ಷ ಹಾಗೇ ಇತ್ತು. ಯಾವಾಗ ಹೋಯ್ತೋ ಗೊತ್ತಾಗಲಿಲ್ಲ ಕಣೇ. ಪ್ರಾರ್ಥನೆ ಮಾಡ್ತೀನಿ, ಆ ಕಡೆ ಫೋನ್ ಎತ್ತಿಟ್ಟು ಎದ್ದುಹೋದ ಹಾಗಿದೆ. ನನಗೆ ಡಿಗ್ರಿ ಬೇಡ, ಅದೊಂದು ಬೇಕು. ಅವರ ಭಾಷೇಲಿ ಹುಡುಕಿದ್ರೆ ಸಿಗುತ್ತೇನೋ ಅಂತ ಬಂದೆ."

"ನನಗ್ಯಾಕೆ ಹೇಳಲಿಲ್ಲ?"

"ನಿನ್ನದೂ ಹೋಗಿಬಿಟ್ರೆ ಅಂತ ಭಯ."

"ನನ್ನ ಭಕ್ತಿ ಅಷ್ಟು ಸಡಿಲವಾ, ನಿಮ್ಮ ಒಂದು ಮಾತಿಗೆ ಕಳಚಿ ಬೀಳೋಕೆ?" ಎಂದು ಆಕೆ ಗದರಿದಳು. ಆಮೇಲೆ ಸೆರಗಿನಿಂದ ಅವರ ಹಣೆಯ ಬೆವರು ಒರೆಸಿ, "ಗಂಜಿ ಆರೋಗ್ತಿದೆ, ಕುಡೀರಿ," ಎಂದಳು.

ಜ್ವರ ಬಿಟ್ಟ ಮೇಲೆ ಅವರು ಸಂಜೆ ಗಟ್ಟಿಯಾಗಿ ಓದತೊಡಗಿದರು. ಒಂದು ಸಾಲು ಓದುವುದು, ಅರ್ಥ ಹೇಳುವುದು. ಅಕ್ಷರ ಕಲಿಸುತ್ತೇನೆ ಎಂದರೆ ಆಕೆ ಕೈಮುಗಿದಳು. "ಬೇಡಪ್ಪಾ, ದಿನವಿಡೀ ಸಣ್ಣ ಸ್ಕ್ರೂ ನೋಡಿ ಸಾಕಾಗಿದೆ, ಇನ್ನು ಆ ಚುಕ್ಕೆ ಬೇರೆಯಾ?" ಅವರಿಗೆ ಹುಡುಕಿದ್ದು ಸಿಕ್ಕಿತೇ ಎಂದು ಕೇಳಬೇಕೆನ್ನಿಸುತ್ತಿತ್ತು. ಮುಖ ನೋಡಿದರೆ ಸಿಕ್ಕಿಲ್ಲವೆಂದು ತಿಳಿಯುತ್ತಿತ್ತು. ಆದರೂ ಅವರು ಓದುವುದು ಬಿಡಲಿಲ್ಲ, ಆಕೆ ಕೇಳುವುದು ಬಿಡಲಿಲ್ಲ.

ಡಿಗ್ರಿ ಕೈಗೆ ಬಂದ ತಿಂಗಳಲ್ಲಿ ಹಳೆಯ ಸಭೆಯ ಹಿರಿಯರೊಬ್ಬರು, ಬೇಕರಿಯ ಯಜಮಾನರು, ಎರಡು ರೈಲು ಬದಲಿಸಿ ಬಂದರು. "ಅಯ್ಯನೋರೇ, ನಿಮ್ಮ ಜಾಗ ಹಾಗೇ ಇದೆ. ಮನೇಗೂ ಸುಣ್ಣ ಹೊಡೆಸಿದೀವಿ. ಬಂದುಬಿಡಿ."

ಆಕೆ ಚಹಾ ಸೋಸುತ್ತಿದ್ದವಳು ಹಾಗೇ ನಿಂತಳು. ಆ ಮನೆಯ ಹಿತ್ತಲು, ಬಟ್ಟೆ ಒಗೆಯುವ ಕಲ್ಲು, ಮಗಳು ಮೊದಲ ಹೆಜ್ಜೆ ಇಟ್ಟ ಪಡಸಾಲೆ, ಶನಿವಾರದ ಇಸ್ತ್ರಿ. ಹೂಂ ಅನ್ನಿ, ಹೂಂ ಅನ್ನಿ ಎಂದು ಒಳಗೊಳಗೇ ಬೇಡಿಕೊಂಡಳು.

"ಇಲ್ಲ," ಎಂದರು ಪಾದ್ರಿಗಳು. "ಗೊತ್ತಿರೋನ ಹಾಗೆ ನಿಲ್ಲೋಕೆ ನನಗೆ ಇನ್ನು ಆಗಲ್ಲ. ಇಲ್ಲೇ ಹೊಸಬರಿಗೆ ಅಕ್ಷರ ಹೇಳಿಕೊಡೋ ಕೆಲಸ ಕೊಟ್ಟಿದಾರೆ. ಅದು ಮಾಡ್ತೀನಿ."

ಹಿರಿಯರು ಚಹಾ ಕುಡಿದು, ತಂದಿದ್ದ ಬ್ರೆಡ್ಡು ಇಟ್ಟು ಹೋದರು. ಎರಡು ದಿನ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಶನಿವಾರ ಆಕೆ ಹೇಳಿದಳು. "ಆಯ್ತು, ಹೋಗೋದು ಬೇಡ. ಆದ್ರೆ ನಾಳೆ ಇಲ್ಲಿನ ಆರಾಧನೆಗೆ ನನ್ನ ಜೊತೆ ಬನ್ನಿ. ಅಲ್ಲಿ ಅಷ್ಟು ವರ್ಷ ಎರಡನೇ ಬೆಂಚಲ್ಲಿ ಒಬ್ಬಳೇ ಕೂತೆ. ನೀವು ಮೇಲೆ, ನಾನು ಕೆಳಗೆ. ಒಂದ್ಸಲ ಪಕ್ಕದಲ್ಲಿ ಕೂತ್ಕೊಳ್ಳಿ."

ಬಂದರು. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅತಿಥಿಯಂತೆ ಕೂತರು. ಮುಂದಿನಿಂದ ಬರುತ್ತಿದ್ದುದು ಯಾರದೋ ದನಿ. ಆ ಜಾಗದಲ್ಲಿ ಗಂಡನ ದನಿ ಇಲ್ಲವಲ್ಲ ಎಂದು ಆಕೆಯ ಎದೆ ಹಿಂಡಿತು. ಅದು ಮುಂದೆಯೂ ಪ್ರತಿ ಭಾನುವಾರ ಹಿಂಡುತ್ತಲೇ ಇತ್ತು.

ಹಾಡಿಗೆ ಎಲ್ಲರೂ ಎದ್ದರು. ಮನೆಯಲ್ಲಿ ಹಾಡು ಯಾವಾಗಲೂ ಆಕೆಯ ಪಾಲು, ಪ್ರಾರ್ಥನೆ ಅವರ ಪಾಲು. ಸಭೆಯಲ್ಲಾದರೋ ನಡುವೆ ಅಷ್ಟು ಜನರ ಸದ್ದು. ಈಗ ಕಿವಿಯ ಪಕ್ಕದಲ್ಲೇ ಅವರು ಮೆಲ್ಲಗೆ ಬಾಯಿ ತೆರೆದರು. ರಾಗ ಒಂದು ಕಡೆ, ಅವರು ಒಂದು ಕಡೆ. ಮುಂದಿನ ಸಾಲಿನ ಮಗುವೊಂದು ಹಿಂತಿರುಗಿ ನೋಡಿತು. ಈ ಮನುಷ್ಯನಿಗೆ ಹಾಡಲು ಬರುವುದಿಲ್ಲವೆಂದು ಆಕೆಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನಗು ತಡೆಯಲಾರದೆ ಹಾಡಿನ ಪುಸ್ತಕವನ್ನು ಅವರ ಕಡೆಗೆ ಸರಿಸಿ, ತಾನು ಇನ್ನಷ್ಟು ಗಟ್ಟಿಯಾಗಿ ಹಾಡಿದಳು.